ಮೊಳಕಾಲ್ಮುರು ಕಡೆ ಹಳ್ಳಿ ಆಸ್ಪತ್ರೆಗೆ ಜರ್ಮನಿ ಡಾಕ್ಟರ್: ಮೊದಲು ಏನು ಹೇಳಿಕೊಡಬೇಕು?

ಪ್ರಶ್ನೆ: ಒಂದು ವರ್ಷಕ್ಕೆ ಬರ್ತಿದ್ದಾರೆ. ಕನ್ನಡ ಬರಲ್ಲ, ಹಾವು ಕಡಿತದ ಕೇಸ್ ನೋಡಿಲ್ಲ. ಕುಡಿಯೋ ನೀರು ಬೋರ್‌ವೆಲ್‌ದು.

ದುರ್ಗದ ಸಿಸ್ಟರ್: ಮೊದಲು ಹಾವು. 2 ಎಂಎಲ್ ರಕ್ತ ಒಣಗಿದ ಹೊಸ ಗಾಜಿನ ಟ್ಯೂಬಿಗೆ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಒಮ್ಮೆ ಓರೆ ಮಾಡಿ. ಹೆಪ್ಪುಗಟ್ಟದೆ ಹರಿದರೆ ಮಂಡಲದ ಹಾವಿನ ಜಾತಿ ಅನ್ನಿ. ಎಡವೋದು ಟ್ಯೂಬಲ್ಲೇ: ಪ್ಲಾಸ್ಟಿಕ್ ಆಗಿದ್ರೆ, ಸೋಪಿನ ಪುಡಿಯಲ್ಲಿ ತೊಳೆದಿದ್ರೆ, ಒಳ್ಳೆ ರಕ್ತವೂ ಹೆಪ್ಪುಗಟ್ಟದೇ ಇರಬಹುದು. ನಾಗರಹಾವು, ಕಟ್ಟುಹಾವಿಗೆ ಈ ಪರೀಕ್ಷೆ ಕೆಲಸಕ್ಕೆ ಬರಲ್ಲ, ಅವುಗಳ ವಿಷ ನರಕ್ಕೆ ಹೊಡೆಯೋದು. ಕಣ್ಣಿನ ರೆಪ್ಪೆ ಜೋತು ಬಿದ್ದಿದೆಯಾ ನೋಡಬೇಕು. ವಿಷದ ಲಕ್ಷಣ ಕಂಡರೆ ಎಎಸ್‌ವಿ (ಹಾವಿನ ವಿಷಕ್ಕೆ ಪ್ರತಿವಿಷ) 10 ವೈಲ್, ಡ್ರಿಪ್ಪಲ್ಲಿ ಒಂದು ಗಂಟೆ. ಮಕ್ಕಳಿಗೂ ಅಷ್ಟೇ, ಹಾವು ವಯಸ್ಸು ನೋಡಿ ಕಡಿಯಲ್ಲ. ಎಎಸ್‌ವಿಗೆ ಅಲರ್ಜಿ ಆದರೆ ಕೊಡೋಕೆ ಅಡ್ರಿನಲಿನ್ ಸಿರಿಂಜಿಗೆ ಎಳೆದು ಪಕ್ಕದಲ್ಲೇ ಇರಲಿ.

ಚಳ್ಳಕೆರೆ ಲ್ಯಾಬ್: ಬೋರ್‌ವೆಲ್ ನೀರು ಕುದಿಸಿದ್ರೆ ಅದರಲ್ಲಿರೋ ಫ್ಲೋರೈಡ್ (ಹೆಚ್ಚಾದ್ರೆ ಹಲ್ಲು, ಮೂಳೆ ಕೆಡಿಸೋ ಲವಣ) ಹೋಗಲ್ಲ, ನೀರು ಬತ್ತಿದಷ್ಟೂ ಗಾಢ ಆಗುತ್ತೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ ಆರ್‌ಒ ನೀರೇ ಸೈ.

ದಾವಣಗೆರೆ ಪಿಜಿ ಡಾಕ್ಟರ್: ವೀಸಾ 180 ದಿನ ಮೀರಿದ್ರೆ ಬಂದ 14 ದಿನದೊಳಗೆ ಎಫ್‌ಆರ್‌ಆರ್‌ಒ (ವಿದೇಶಿಯರ ನೋಂದಣಿ ಕಚೇರಿ) ನೋಂದಣಿ. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ತಾತ್ಕಾಲಿಕ ಅನುಮತಿ ಇಲ್ಲದೆ ಔಷಧಿ ಚೀಟಿ ಬರೆಯೋ ಹಾಗಿಲ್ಲ. ಭಾಷೆ ವಿಷಯ: ಅಜ್ಜ ‘ಎದಿ ಉರಿತೈತಿ’ ಅಂದ್ರೆ ಗ್ಯಾಸ್ ಮಾತ್ರೆ ಕೊಟ್ಟು ಕಳಿಸೋದಲ್ಲ, ಇಸಿಜಿ ತೆಗೀಬೇಕು.