ಪದಚರ್ಚೆ: ಬೇಸ್‌ಬಾಲಿನ ‘ಕ್ಲೋಸರ್’ಗೆ ಕನ್ನಡದಲ್ಲಿ ಏನನ್ನೋಣ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಅದರ ಹಿಂದೆ ಇನ್ನೂ ಎರಡು ಮೂರು ಪದಗಳು ಸಾಲು ನಿಂತಿವೆ. ಎಲ್ಲವೂ ಬೇಸ್‌ಬಾಲಿಗೆ ಸೇರಿದವು.

ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ನನ್ನ ತಂಡ. ಬೇ ಏರಿಯಾದಲ್ಲಿರುವ ಕನ್ನಡದ ಗೆಳೆಯರಿಗಾಗಿ ಆ ತಂಡದ ಆಟದ ಬಗ್ಗೆ ಕನ್ನಡದಲ್ಲಿ ಬರೆಯುತ್ತಿರುತ್ತೇನೆ. ಬ್ಯಾಟು, ಓಟ, ಕ್ಯಾಚು, ಎಸೆತ ಇವಕ್ಕೆಲ್ಲ ಕ್ರಿಕೆಟ್ಟಿನ ಕನ್ನಡವೇ ಸಾಕು. ಪಿಚರ್‌ನನ್ನು ‘ಎಸೆತಗಾರ’ ಅಂದರೆ ಯಾರಿಗೂ ಗೊತ್ತಾಗುತ್ತದೆ. ಆದರೆ ‘ಕ್ಲೋಸರ್’ ಬಂದ ಕೂಡಲೇ ಕೈ ನಿಲ್ಲುತ್ತದೆ. ಕ್ರಿಕೆಟ್ಟಿನಲ್ಲಿ ಅಂಥ ಆಟಗಾರನೇ ಇಲ್ಲ. ಹಾಗಾಗಿ ಎರವಲು ತರೋಣ ಅಂದರೂ ಪದ ಸಿಗುವುದಿಲ್ಲ.

ಬೇಸ್‌ಬಾಲ್ ನೋಡದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಆಟ ಒಂಬತ್ತು ಇನ್ನಿಂಗ್ಸಿನದು, ಸಮವಾದರೆ ಮುಂದುವರಿಯುತ್ತದೆ. ಪ್ರತಿ ಇನ್ನಿಂಗ್ಸಿನಲ್ಲೂ ಎದುರಾಳಿಯ ಮೂವರನ್ನು ಔಟ್ ಮಾಡಬೇಕು. ಬ್ಯಾಟು ಹಿಡಿದವನು ನಾಲ್ಕು ಮೂಲೆಯ ಬೇಸ್‌ಗಳನ್ನು ಒಂದೊಂದಾಗಿ ಮುಟ್ಟಿ ಸುತ್ತಿ ಬಂದರೆ ಒಂದು ರನ್. ಆಟ ಶುರು ಮಾಡುವ ಪಿಚರ್ ಐದಾರು ಇನ್ನಿಂಗ್ಸ್ ಎಸೆದು ದಣಿಯುತ್ತಾನೆ. ಆಮೇಲೆ ಬೇರೆಯವರು ಬರುತ್ತಾರೆ. ಒಮ್ಮೆ ಹೊರಗೆ ಹೋದವನು ಆ ದಿನ ಮತ್ತೆ ಒಳಗೆ ಬರುವ ಹಾಗಿಲ್ಲ. ಬುಮ್ರಾ ಮೊದಲ ಓವರ್ ಹಾಕಿ, ಪಕ್ಕಕ್ಕೆ ನಿಂತು, ಕೊನೆಯ ಓವರಿಗೆ ಮತ್ತೆ ಬರಬಹುದು. ಇಲ್ಲಿ ಆಗುವುದಿಲ್ಲ. ಅದಕ್ಕೇ ಕೊನೆಯ ಮೂರು ಔಟಿಗೆ ಅಂತಲೇ ಒಬ್ಬನನ್ನು ಇಟ್ಟಿರುತ್ತಾರೆ. ತಂಡ ಒಂದೆರಡು ರನ್ ಮುಂದಿರುವಾಗ ಬಂದು ಆ ಮುನ್ನಡೆಯನ್ನು ಹಾಗೇ ಇಟ್ಟುಕೊಂಡು ಆಟ ಮುಗಿಸುವುದು ಅವನ ಕೆಲಸ. ರನ್ ಗಳಿಸುವುದು, ಗೆಲ್ಲಿಸುವುದು ಅವನ ಪಾಲಿಗಿಲ್ಲ. ಬೇರೆಯವರು ದುಡಿದದ್ದು ಹಾಳಾಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಈ ಒಂದೇ ಇನ್ನಿಂಗ್ಸಿನ ಪದ್ಧತಿ ಗಟ್ಟಿಯಾದದ್ದು 1980ರ ದಶಕದ ಕೊನೆಯಲ್ಲಿ, ಕೊಲ್ಲಿಯ ಆಚೆ ದಡದ ಓಕ್‌ಲೆಂಡಿನಲ್ಲಿ. ಅಲ್ಲಿನ ಮ್ಯಾನೇಜರ್ ಟೋನಿ ಲಾ ರುಸಾ ಅವರು ಡೆನಿಸ್ ಎಕರ್ಸ್ಲಿಯನ್ನು ಹೆಚ್ಚಾಗಿ ಒಂಬತ್ತನೇ ಇನ್ನಿಂಗ್ಸಿಗೇ ಮೀಸಲಿಟ್ಟರು. ಅದಕ್ಕೂ ಮೊದಲು ರಾಲಿ ಫಿಂಗರ್ಸ್‌ನಂಥವರು ಎರಡು ಮೂರು ಇನ್ನಿಂಗ್ಸ್ ಎಸೆದು ಆಟ ಮುಗಿಸುತ್ತಿದ್ದರು.

‘ಮುಗಿಸುವವ’ ಅನ್ನೋಣವೇ? ಬರೆದು ನೋಡಿದೆ, ಹಿಡಿಸಲಿಲ್ಲ. ‘ಅವನನ್ನು ಮುಗಿಸಿಬಿಟ್ಟರು’ ಅನ್ನುವ ಅರ್ಥ ಹಿಂದೆಯೇ ಬರುತ್ತದೆ. ‘ಕೊನೆಯ ಎಸೆತಗಾರ’ ಅಂದರೆ ಸರದಿ ಮಾತ್ರ ತಿಳಿಯುತ್ತದೆ, ಕೆಲಸ ತಿಳಿಯುವುದಿಲ್ಲ. ಹತ್ತು ರನ್ ಹಿಂದಿರುವ ತಂಡಕ್ಕೂ ಕೊನೆಯಲ್ಲಿ ಎಸೆಯುವವನು ಒಬ್ಬ ಇದ್ದೇ ಇರುತ್ತಾನೆ. ಅವನು ಕ್ಲೋಸರ್ ಅಲ್ಲ. ‘ಸಮಾಪಕ’ ಅಂತ ಒಬ್ಬರು ಸೂಚಿಸಿದರು. ಆ ಪದವನ್ನು ಸ್ಟೇಡಿಯಮ್ಮಿನಲ್ಲಿ ಕೂತು ಯಾರು ಕೂಗುತ್ತಾರೆ ಹೇಳಿ.

ಇನ್ನು ‘ಸೇವ್’. ಇದು ಕ್ಲೋಸರ್‌ನ ಹೆಸರಿಗೆ ಸೇರುವ ಲೆಕ್ಕ. ಶಿಕಾಗೊದ ಕ್ರೀಡಾ ಪತ್ರಕರ್ತ ಜೆರೋಮ್ ಹೋಲ್ಟ್ಸ್‌ಮನ್ ಇದನ್ನು ರೂಪಿಸಿದರು. 1969ರಲ್ಲಿ ಇದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಗೆದ್ದ ತಂಡದ ಪರ ಕೊನೆಯವರೆಗೂ ಎಸೆದಿರಬೇಕು, ಗೆಲುವಿನ ಲೆಕ್ಕ ತನ್ನ ಹೆಸರಿಗೆ ಬಂದಿರಬಾರದು (ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ). ಇದರ ಜೊತೆ ಮೂರರಲ್ಲಿ ಒಂದಾದರೂ ಆಗಿರಬೇಕು. ಮೂರು ರನ್ ಅಥವಾ ಅದಕ್ಕೂ ಕಡಿಮೆ ಮುನ್ನಡೆಯಲ್ಲಿ ಬಂದು ಒಂದು ಇನ್ನಿಂಗ್ಸಾದರೂ ಎಸೆದಿರಬೇಕು. ಇಲ್ಲವೇ ಅವನು ಬಂದಾಗ ಆಟವನ್ನು ಸಮ ಮಾಡಬಲ್ಲ ಆಟಗಾರ ಬೇಸಿನ ಮೇಲೋ, ಬ್ಯಾಟು ಹಿಡಿದೋ, ಮುಂದಿನ ಸರದಿಯಲ್ಲೋ ಇರಬೇಕು. ಅದೂ ಇಲ್ಲದಿದ್ದರೆ ಮೂರು ಇನ್ನಿಂಗ್ಸ್ ಚೆನ್ನಾಗಿ ಎಸೆದಿರಬೇಕು. ಮರಿಯಾನೊ ರಿವೇರನ ಹೆಸರಿನಲ್ಲಿ ಇಂಥವು 652 ಇವೆ. ಅವನನ್ನು ದಾಟಿದವರಿಲ್ಲ.

ಸೇವ್ ಅಂದರೆ ‘ಉಳಿಸು’ ಅಂತ ಥಟ್ಟನೆ ಹೊಳೆಯುತ್ತದೆ. ಆದರೆ ‘48 ಉಳಿಕೆ’ ಅಂತ ಬರೆದರೆ ಇನ್ನೂ 48 ಬಾಕಿ ಇದೆ ಅನ್ನಿಸುತ್ತದೆ. ‘ಉಳಿತಾಯ’ ಬ್ಯಾಂಕಿನ ಖಾತೆಗೆ ಹೋಗಿಬಿಟ್ಟಿದೆ. ನಮ್ಮ ಕ್ರೀಡಾ ಪುಟಗಳಲ್ಲಿ ‘ಗೆಲುವಿನ ದಡ ಸೇರಿಸಿದರು’ ಅನ್ನುವ ಒಳ್ಳೆಯ ಮಾತಿದೆ. 1996ರ ಟೈಟನ್ ಕಪ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಮ್ಮಿನಲ್ಲಿ, ಕುಂಬ್ಳೆ ಮತ್ತು ಶ್ರೀನಾಥ್ ಬ್ಯಾಟು ಹಿಡಿದು ಆಸ್ಟ್ರೇಲಿಯಾ ವಿರುದ್ಧ ಮಾಡಿದ್ದು ಅದೇ. ಆದರೆ ಅಲ್ಲಿ ಇವರು ಹಿಂದಿದ್ದರು, ಗುರಿ ಮುಟ್ಟಬೇಕಿತ್ತು. ಕ್ಲೋಸರ್‌ನ ಕಥೆ ಬೇರೆ. ಅವನ ತಂಡ ಆಗಲೇ ಮುಂದಿದೆ. ಹೊಸದಾಗಿ ಮುಟ್ಟುವುದೇನೂ ಇಲ್ಲ, ಇರುವುದು ಕೈಬಿಟ್ಟು ಹೋಗಬಾರದು.

ಪದ ಹುಡುಕುವವರಿಗೆ ಅಭಿಮಾನಿಯ ಮನಸ್ಸು ತಿಳಿದಿರಬೇಕು. ಅದಕ್ಕೆ ನಮ್ಮ ತಂಡದ ಕ್ಲೋಸರ್‌ಗಳ ಬಗ್ಗೆ ಒಂದಿಷ್ಟು ಹೇಳುತ್ತೇನೆ.

2010ರಲ್ಲಿ ಬ್ರಯಾನ್ ವಿಲ್ಸನ್ ಇದ್ದ. ಕಪ್ಪು ಬಣ್ಣ ಹಚ್ಚಿದ ದಟ್ಟ ಗಡ್ಡ. ಜನ ಸ್ಟೇಡಿಯಮ್ಮಿಗೆ ನಕಲಿ ಗಡ್ಡ ಕಟ್ಟಿಕೊಂಡು ಬರುತ್ತಿದ್ದರು. ಆ ವರ್ಷ ಅವನು 48 ಸೇವ್ ಮಾಡಿದ. 1993ರಲ್ಲಿ ರಾಡ್ ಬೆಕ್ ಮಾಡಿದ್ದ ತಂಡದ ದಾಖಲೆಗೆ ಅದು ಸಮ. ಆದರೆ ವಿಲ್ಸನ್ ಸುಮ್ಮನೆ ಮೂರು ಔಟ್ ಮಾಡಿ ಹೋಗುವವನಲ್ಲ. ಇಬ್ಬರನ್ನು ಬೇಸಿಗೆ ಬಿಟ್ಟುಕೊಂಡು, ನಮ್ಮ ಜೀವ ಬಾಯಿಗೆ ತಂದು, ಆಮೇಲೆ ಮುಗಿಸುತ್ತಿದ್ದ. ಟೀವಿಯಲ್ಲಿ ವಿವರಣೆ ಕೊಡುವ ಡ್ವೇನ್ ಕೈಪರ್ ಆ ವರ್ಷ ಜೈಂಟ್ಸ್ ಆಟಕ್ಕೆ ‘ಚಿತ್ರಹಿಂಸೆ’ ಅಂತಲೇ ಹೆಸರಿಟ್ಟರು. ಜನ ಅದನ್ನು ಪ್ರೀತಿಯಿಂದ ಹಿಡಿದುಕೊಂಡರು. ನವೆಂಬರ್ 1ರಂದು ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿ ನೆಲ್ಸನ್ ಕ್ರೂಜ್ ಬ್ಯಾಟು ಬೀಸಿ ತಪ್ಪಿದ. ವರ್ಲ್ಡ್ ಸೀರೀಸ್, ಅಂದರೆ ವರ್ಷದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಕೊನೆಯ ಸರಣಿ, ನಮ್ಮದಾಯಿತು. ತಂಡ 1958ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದ ಮೇಲೆ ಮೊದಲ ಸಲ.

2012ರ ಏಪ್ರಿಲಿನಲ್ಲಿ ವಿಲ್ಸನ್‌ನ ಮೊಣಕೈ ಕೆಟ್ಟಿತು. ಕೊನೆಗೆ ಆ ಜಾಗಕ್ಕೆ ಬಂದವನು ಸೆರ್ಜಿಯೊ ರೋಮೊ. ತೆಳ್ಳನೆಯ ಆಳು, ವೇಗ ಜಾಸ್ತಿ ಇಲ್ಲ, ಪಕ್ಕಕ್ಕೆ ಜಾರುವ ಸ್ಲೈಡರ್ ಅವನ ಬಲ. ಡೆಟ್ರಾಯಿಟ್‌ನಲ್ಲಿ ವರ್ಲ್ಡ್ ಸೀರೀಸಿನ ನಾಲ್ಕನೇ ಪಂದ್ಯ, ಹತ್ತನೇ ಇನ್ನಿಂಗ್ಸ್, ಮುನ್ನಡೆ ಒಂದೇ ರನ್ನಿನದು. ಎದುರಿಗೆ ಆ ವರ್ಷ ಬ್ಯಾಟಿಂಗಿನ ಮೂರು ಮುಖ್ಯ ಪಟ್ಟಿಗಳಲ್ಲೂ ಮೊದಲಿಗನಾಗಿ ಟ್ರಿಪಲ್ ಕ್ರೌನ್ ಗೆದ್ದ ಮಿಗೆಲ್ ಕಬ್ರೇರ. ಎಲ್ಲರೂ ಸ್ಲೈಡರ್ ಬರುತ್ತದೆ ಅಂದುಕೊಂಡಿದ್ದಾಗ ರೋಮೊ ಗಂಟೆಗೆ 89 ಮೈಲಿಯ ನೇರ ಎಸೆತ ಹಾಕಿದ. ಕಬ್ರೇರ ಬ್ಯಾಟೇ ಎತ್ತಲಿಲ್ಲ, ಔಟಾದ. ಆ ಧೈರ್ಯಕ್ಕೆ ಇವತ್ತೂ ಕೈ ಮುಗಿಯುತ್ತೇನೆ.

2014ರದ್ದು ಪದದ ದೃಷ್ಟಿಯಿಂದ ಜಾಸ್ತಿ ಮುಖ್ಯ. ಕ್ಯಾನ್ಸಸ್ ಸಿಟಿಯಲ್ಲಿ ವರ್ಲ್ಡ್ ಸೀರೀಸಿನ ಏಳನೇ ಪಂದ್ಯ. ಮ್ಯಾಡಿಸನ್ ಬಮ್‌ಗಾರ್ನರ್ ಕ್ಲೋಸರ್ ಅಲ್ಲವೇ ಅಲ್ಲ, ಆಟ ಶುರು ಮಾಡುವವನು. ಮೂರು ದಿನ ಮುಂಚೆ ಇಡೀ ಪಂದ್ಯ ಒಬ್ಬನೇ ಎಸೆದಿದ್ದ. ಆದರೂ ಐದನೇ ಇನ್ನಿಂಗ್ಸಿಗೆ ಬಂದು ಕೊನೆಯವರೆಗೂ ಎಸೆದ. 68 ಎಸೆತ, ಒಂದೂ ರನ್ ಇಲ್ಲ. ಕೊನೆಗೆ ಸಮ ಮಾಡಬಲ್ಲ ರನ್ ಮೂರನೇ ಬೇಸಿನಲ್ಲಿ ನಿಂತಿತ್ತು. ಮೊದಲು ಗೆಲುವನ್ನು ಅವನ ಹೆಸರಿಗೆ ಬರೆದರು. ಆಮೇಲೆ ಬದಲಾಯಿಸಿ ಗೆಲುವನ್ನು ಜೆರೆಮಿ ಆಫೆಲ್ಟ್‌ಗೆ ಕೊಟ್ಟು, ಇವನಿಗೆ ಸೇವ್ ಕೊಟ್ಟರು. ಐದು ಇನ್ನಿಂಗ್ಸಿನ ಸೇವ್! ಅಂದರೆ ‘ಸೇವ್ ಮಾಡುವವನು’ ಮತ್ತು ‘ಕ್ಲೋಸರ್’ ಒಂದೇ ಅಲ್ಲ. ಮೊದಲನೆಯದು ಆ ದಿನದ ಕೆಲಸ, ಎರಡನೆಯದು ಹುದ್ದೆ. ಎರಡಕ್ಕೂ ಬೇರೆ ಬೇರೆ ಪದ ಬೇಕು.

ಆಮೇಲೆ 2016. ಆ ವರ್ಷದ ನೆನಪು ಇನ್ನೂ ನೋಯುತ್ತದೆ. ವರ್ಷದ ನಡುವಿನ ಬಿಡುವಿನ ಹೊತ್ತಿಗೆ ಎಲ್ಲ ತಂಡಗಳಿಗಿಂತ ನಮ್ಮದೇ ಮುಂದೆ. ಆಮೇಲೆ ಒಂಬತ್ತನೇ ಇನ್ನಿಂಗ್ಸ್ ಬಂತು ಅಂದರೆ ಎದೆ ಡವಡವ ಅನ್ನುತ್ತಿತ್ತು. ವರ್ಷದಲ್ಲಿ ಒಟ್ಟು 30 ಸಲ ಸೇವ್ ಕೆಟ್ಟಿತು. ಕ್ಲೋಸರ್ ಸಾಂಟಿಯಾಗೊ ಕಸೀಯ 31 ಸೇವ್ ಮಾಡಿದ್ದ, 9 ಕೆಡಿಸಿದ್ದ. ತವರಿನ ಜನವೇ ಅವನನ್ನು ಕೂಗಿ ಅವಮಾನಿಸಿದರು. ಅದು ನನಗೆ ಸರಿ ಅನ್ನಿಸಲಿಲ್ಲ. ಅವನು 2010, 2012, 2014 ಮೂರೂ ಗೆಲುವಿನ ತಂಡದಲ್ಲಿ ಇದ್ದವನು. ಶುರುವಿನ ಪಿಚರ್ ಮೊದಲ ಇನ್ನಿಂಗ್ಸಿನಲ್ಲಿ ಮೂರು ರನ್ ಕೊಟ್ಟರೆ ಸರಿಮಾಡಿಕೊಳ್ಳಲು ಇನ್ನೂ ಎಂಟು ಇನ್ನಿಂಗ್ಸ್ ಇರುತ್ತವೆ. ಕ್ಲೋಸರ್ ಕೊಟ್ಟರೆ ಆ ಅವಕಾಶವೇ ಇರುವುದಿಲ್ಲ. ನಲವತ್ತು ಸಲ ಸರಿಯಾಗಿ ಮಾಡಿದ್ದನ್ನು ಯಾರೂ ನೆನೆಯುವುದಿಲ್ಲ, ಆ ಒಂದು ರಾತ್ರಿ ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ.

ಅಕ್ಟೋಬರ್ 11ರಂದು ಶಿಕಾಗೊ ಕಬ್ಸ್ ವಿರುದ್ಧ ನಮ್ಮ ಮನೆಯಂಗಳದಲ್ಲೇ ಪ್ಲೇಆಫ್ ಪಂದ್ಯ. ಮ್ಯಾಟ್ ಮೂರ್ ಎಂಟು ಇನ್ನಿಂಗ್ಸ್ ಅದ್ಭುತವಾಗಿ ಎಸೆದ. 5–2ರ ಮುನ್ನಡೆ. ಬೇಕಿದ್ದದ್ದು ಮೂರೇ ಔಟ್. ಮ್ಯಾನೇಜರ್ ಬ್ರೂಸ್ ಬೋಚಿ ಅವರು ಒಬ್ಬರ ಹಿಂದೆ ಒಬ್ಬರಂತೆ ಐವರನ್ನು ಕರೆದರು: ಲಾ, ಲೋಪೆಜ್, ರೋಮೊ, ಸ್ಮಿತ್, ಸ್ಟ್ರಿಕ್‌ಲೆಂಡ್. ಕಸೀಯನನ್ನು ಕರೆಯಲಿಲ್ಲ. ಕಬ್ಸ್ ನಾಲ್ಕು ರನ್ ಹೊಡೆದು 6–5ರಲ್ಲಿ ಗೆದ್ದರು. ನಮ್ಮ ವರ್ಷ ಅಲ್ಲಿಗೆ ಮುಗಿಯಿತು. ಆ ಡಿಸೆಂಬರಿನಲ್ಲಿ ತಂಡ ಮಾರ್ಕ್ ಮೆಲಾನ್ಸನ್‌ಗೆ ನಾಲ್ಕು ವರ್ಷಕ್ಕೆ 6 ಕೋಟಿ 20 ಲಕ್ಷ ಡಾಲರ್ ಕೊಟ್ಟಿತು. ಒಬ್ಬ ನಂಬಿಗಸ್ತ ಕ್ಲೋಸರ್ ಇಲ್ಲದಿದ್ದರೆ ಏನಾಗುತ್ತದೆ ಅಂತ ಅಷ್ಟು ಚೆನ್ನಾಗಿ ಗೊತ್ತಾಗಿತ್ತು.

ಕೆಟ್ಟ ಸೇವ್‌ಗೆ ಏನನ್ನೋಣ? ನಮ್ಮ ಪತ್ರಿಕೆಗಳ ‘ಕೈಜಾರಿದ ಗೆಲುವು’ ಹತ್ತಿರ ಬರುತ್ತದೆ. ‘ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ’ ಅನ್ನುವುದಂತೂ ಆ ರಾತ್ರಿಗೆ ಹೇಳಿ ಮಾಡಿಸಿದ ಮಾತು. ಆದರೆ ಒಂದು ತೊಡಕಿದೆ. ಸೇವ್ ಕೆಟ್ಟರೆ ಪಂದ್ಯ ಸೋತಂತೆ ಅಲ್ಲ. ಮುನ್ನಡೆ ಹೋಗಿ ಆಟ ಸಮವಾದರೂ ಸಾಕು, ಸೇವ್ ಕೆಟ್ಟಂತೆ. ಆಮೇಲೆ ತಂಡ ಗೆಲ್ಲಬಹುದು. 2016ರಲ್ಲಿ 30 ಸಲ ಕೆಡಿಸಿಕೊಂಡೂ ನಾವು 87 ಪಂದ್ಯ ಗೆದ್ದಿದ್ದೆವು. ಹಾಗಾಗಿ ‘ಮುನ್ನಡೆ ಕೈಜಾರಿತು’ ಅನ್ನುವುದು ಹೆಚ್ಚು ಸರಿ ಅಂತ ನನ್ನ ಅನಿಸಿಕೆ.

ಈಗ ನನ್ನ ಮುಖ್ಯ ಸೂಚನೆ. ‘ಕಾಯು’ ಅನ್ನುವ ಕ್ರಿಯಾಪದವನ್ನು ನೋಡಿ. ಬಸ್ಸಿಗೆ ಕಾಯುತ್ತೇವೆ. ಹೊಲ ಕಾಯುತ್ತೇವೆ. ಒಲೆಯ ಮೇಲೆ ಹಾಲು ಕಾಯುತ್ತದೆ. ಕ್ಲೋಸರ್ ಮಾಡುವುದು ಈ ಮೂರನ್ನೇ ಅಲ್ವಾ? ಎಂಟು ಇನ್ನಿಂಗ್ಸ್ ಕೂತು ಕಾಯುತ್ತಾನೆ. ಕರೆ ಬಂದಾಗ ಹತ್ತಾರು ಎಸೆತ ಹಾಕಿ ಮೈ ಕಾಯಿಸಿಕೊಳ್ಳುತ್ತಾನೆ. ಆಮೇಲೆ ಒಳಗೆ ಬಂದು ಮುನ್ನಡೆಯನ್ನು ಕಾಯುತ್ತಾನೆ. ಅವನ ಇಡೀ ದಿನ ಈ ಒಂದು ಪದದಲ್ಲಿದೆ.

‘ಕಾವಲುಗಾರ’ ಅಂದರೆ ಅಪಾರ್ಟ್‌ಮೆಂಟಿನ ಗೇಟು ನೆನಪಾಗುತ್ತದೆ. ‘ಕಾಯುವವ’ ಅಂದರೆ ಫುಟ್‌ಬಾಲಿನ ಗೋಲ್‌ಕೀಪರ್ ಕೂಡ ಆಗಬಹುದು. ಆದರೆ ನಮ್ಮಲ್ಲಿ ‘ಬೆಂಗಾವಲು’ ಅನ್ನುವ ಸೊಗಸಾದ ಪದ ಇದೆ, ಬೆನ್ನಿಗೆ ನಿಂತು ಕಾಯುವುದು. ಶುರುವಿನ ಪಿಚರ್‌ನ ಹಿಂದೆ ಬರುವ ಎಲ್ಲ ರಿಲೀವರ್‌ಗಳನ್ನೂ ‘ಬೆಂಗಾವಲು ಎಸೆತಗಾರರು’ ಅನ್ನಬಹುದು. ಅದೇ ದಾರಿಯಲ್ಲಿ ಕೊನೆಗೆ ಬರುವವನ ಕೆಲಸ ‘ಕಡೆಗಾವಲು’, ಅವನು ‘ಕಡೆಗಾವಲಿಗ’. ‘ಜೈಂಟ್ಸ್‌ನ ಕಡೆಗಾವಲಿಗ ಕಮೀಲೊ ಡೊವಾಲ್ 2023ರಲ್ಲಿ 39 ಸಲ ಮುನ್ನಡೆ ಕಾಯ್ದ’ ಅಂತ ಬರೆದರೆ ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ. ನಿಮ್ಮ ಕಿವಿಗೆ?

ಸೇವ್‌ಗೆ ಹೆಸರುಪದವಾಗಿ ‘ಕಾಪು’ ಹೊಂದುತ್ತದೆ ಅನ್ನಿಸುತ್ತದೆ. ‘ಕಾಪಾಡು’ ಬಳಸುವವರಿಗೆ ಇದು ಹೊಸದಲ್ಲ. ಕರಾವಳಿಯವರಿಗೆ ಮಾತ್ರ ಊರೂ ದೀಪಸ್ತಂಭವೂ ಮೊದಲು ನೆನಪಿಗೆ ಬರಬಹುದು. ಕೆಟ್ಟ ಸೇವ್‌ಗೆ ‘ಕಾಪು ತಪ್ಪಿತು’ ಅನ್ನಬಹುದೇ?

ರಿಲೀವರ್‌ಗಳು ಕೂತು ಮೈ ಕಾಯಿಸಿಕೊಳ್ಳುವ ಜಾಗವಾದ ಬುಲ್‌ಪೆನ್‌ಗೆ ನಾನು ‘ದೊಡ್ಡಿ’ ಅಂತಲೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲೂ ಅದು ಗೂಳಿಗಳನ್ನು ಕೂಡುವ ಜಾಗ. ನಮ್ಮ ಸ್ಟೇಡಿಯಮ್ಮಿನಲ್ಲಿ ಮೊದಲು ಅದು ಗೆರೆಯ ಪಕ್ಕದಲ್ಲೇ, ಬಯಲಿನಲ್ಲೇ ಇತ್ತು. ಯಾರು ಮೈ ಕಾಯಿಸುತ್ತಿದ್ದಾರೆ ಅಂತ ಎಲ್ಲರಿಗೂ ಕಾಣುತ್ತಿತ್ತು. 2020ರಲ್ಲಿ ಗೋಡೆಯ ಹಿಂದಕ್ಕೆ ಸರಿಸಿದರು. ಈಗ ಅದು ನಿಜವಾಗಿ ದೊಡ್ಡಿಯ ಹಾಗೇ ಇದೆ. ಈ ಪದದ ಬಗ್ಗೆ ನನಗೆ ತಕರಾರಿಲ್ಲ, ನಿಮಗಿದ್ದರೆ ಹೇಳಿ.

ತಿಳಿದವರಲ್ಲಿ ಕೇಳಬೇಕಾದದ್ದು ಇಷ್ಟು. ‘ಕಡೆಗಾವಲು’ ಅಂದಾಗ ‘ಆ ಕಡೆ, ಈ ಕಡೆ’ಯ ಕಡೆ ಕೇಳಿಸಿ, ಪಕ್ಕದ ಕಾವಲು ಅಂತ ಅರ್ಥವಾಗುವ ಅಪಾಯ ಇದೆಯೇ? ಹಾಗಿದ್ದರೆ ‘ಕೊನೆಗಾವಲು’ ವಾಸಿಯೇ? ‘ಬೆಂಗಾವಲು’ ಈಗ ಮಂತ್ರಿಗಳ ಕಾರಿನ ಹಿಂದೆ ಹೋಗುವ ಪೊಲೀಸ್ ಜೀಪಿಗೆ ಅಂಟಿಕೊಂಡಿದೆ. ಅದನ್ನು ಆಟಕ್ಕೆ ಎಳೆದರೆ ಒಪ್ಪುತ್ತದೆಯೇ? ಇನ್ನೊಂದು, ಮೇಲೆ ನಾನು ‘ಕಾಯ್ದ’ ಅಂತ ಬರೆದಿದ್ದೇನೆ. ‘ಕಾದ’ ಅಂತ ಬರೆದರೆ ‘ಎಂಟನೇ ಇನ್ನಿಂಗ್ಸಿನಲ್ಲಿ ಕಾದ’ ಅನ್ನುವ ಮಾತು ಕೂತು ಕಾದದ್ದೋ ಎಸೆದು ಕಾದದ್ದೋ ಗೊತ್ತಾಗುವುದಿಲ್ಲ. ಕೂತದ್ದಕ್ಕೆ ‘ಕಾದ’, ಕಾವಲಿಗೆ ‘ಕಾಯ್ದ’ ಅಂತ ಬೇರೆ ಮಾಡಿ ಬಳಸುವ ರೂಢಿ ನಿಮ್ಮ ಊರ ಕಡೆ ಎಲ್ಲಾದರೂ ಇದೆಯೇ? ಧಾರವಾಡ, ಬೆಳಗಾವಿ ಕಡೆಯವರು ದಯವಿಟ್ಟು ತಿಳಿಸಿ.