ಸಹಾಯ ಬೇಕು: ಚಾರ್ಟ್.ಜೆಎಸ್ ರೇಡಾರ್ ಚಾರ್ಟ್‌ನಲ್ಲಿ ವಿಷಯದ ಹೆಸರು ಒತ್ತಿದರೆ ವಿವರ ಬರಬೇಕು

ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿನ ಮಕ್ಕಳ ಎರಡು ಪೂರ್ವಸಿದ್ಧತಾ ಪರೀಕ್ಷೆಗಳ ಅಂಕಗಳನ್ನು ಚಾರ್ಟ್.ಜೆಎಸ್ (ವೆಬ್ ಪುಟದಲ್ಲಿ ನಕ್ಷೆ ಬಿಡಿಸುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಬಳಸಿ ಒಂದೇ ರೇಡಾರ್ ಚಾರ್ಟ್‌ನಲ್ಲಿ ತೋರಿಸುತ್ತಿದ್ದೇನೆ. ಜೇಡರ ಬಲೆಯಂಥ ನಕ್ಷೆಯಿದು: ಒಟ್ಟು ಆರು ವಿಷಯ, ಆರು ಮೂಲೆ; ಅಂಕ ಹೆಚ್ಚಿದಷ್ಟೂ ಗೆರೆ ನಡುವಿನಿಂದ ದೂರ.

ಮೊದಲು ಗಣಿತದಲ್ಲಿ 38 ತೆಗೆದ ಹುಡುಗನ ಗೆರೆ ನಡುಬಿಂದುವಿನ ಹತ್ತಿರಕ್ಕೇ ಹೋಗಿ, ಸೊನ್ನೆ ಬಂದಂತೆ ಕಾಣುತ್ತಿತ್ತು. ಪಾಪ, ಅವರಪ್ಪ ಗಾಬರಿಯಾದರು! ಅಳತೆ ಕನಿಷ್ಠ ಅಂಕದ ಹತ್ತಿರದಿಂದ ತಾನಾಗಿ ಶುರುವಾಗುತ್ತಿತ್ತು; ಸ್ಕೇಲ್ಸ್ (ಅಳತೆಯ ಸೆಟ್ಟಿಂಗ್) ಒಳಗಿನ 'ಆರ್'ನಲ್ಲಿ ಮಿನ್ 0, ಮ್ಯಾಕ್ಸ್ 100 ಕೊಟ್ಟ ಮೇಲೆ ಸರಿಹೋಯಿತು. ಹಳೇ ಎರಡನೇ ಆವೃತ್ತಿಯ ಉದಾಹರಣೆ ನೋಡಿ 'ಸ್ಕೇಲ್' ಅಂತ ಬರೆದು ಅರ್ಧ ದಿನ ಹಾಳು ಮಾಡಿಕೊಂಡಿದ್ದೆ. ಇಂಟರಾಕ್ಷನ್ ಮೋಡ್ 'ಇಂಡೆಕ್ಸ್', ಇಂಟರ್‌ಸೆಕ್ಟ್ ಫಾಲ್ಸ್ ಇಟ್ಟಿದ್ದರಿಂದ ಎರಡೂ ಪರೀಕ್ಷೆಯ ಅಂಕ ಟೂಲ್‌ಟಿಪ್‌ನಲ್ಲಿ (ಮೌಸ್ ಅಥವಾ ಬೆರಳಿಟ್ಟಾಗ ಮೂಡುವ ಪುಟ್ಟ ಪೆಟ್ಟಿಗೆ) ಒಟ್ಟಿಗೆ ಬರುತ್ತಿವೆ.

ಈಗ ಉಳಿದಿರುವುದು ಎರಡು. ಪ್ರಥಮ ಭಾಷೆಗೆ 125, ಉಳಿದವಕ್ಕೆ 100 ಅಂಕ. ಹಾಗಾಗಿ ಎಲ್ಲವನ್ನೂ ಶೇಕಡಾಕ್ಕೆ ಇಳಿಸಿದ್ದೇನೆ, ಆದರೆ ಟೂಲ್‌ಟಿಪ್‌ನಲ್ಲಿ ಮೂಲ ಅಂಕವೇ, ಅಂದರೆ 110/125 ಅಂತ ಕಾಣಬೇಕು. ಲೇಬಲ್ ಕಾಲ್‌ಬ್ಯಾಕ್‌ಗೆ (ಟೂಲ್‌ಟಿಪ್‌ನ ಸಾಲು ಬರೆಯುವ ಫಂಕ್ಷನ್) ಮೂಲ ಅಂಕಗಳ ಪಟ್ಟಿಯನ್ನು ಡೇಟಾಸೆಟ್ (ಒಂದು ಪರೀಕ್ಷೆಯ ಅಂಕಗಳ ಗುಂಪು) ಒಳಗೇ ಇಡುವುದು ಸರಿಯೋ, ಬೇರೆ ಇಡಬೇಕೋ?

ಎರಡನೆಯದೇ ನಿಜವಾದ ತಲೆನೋವು: 'ವಿಜ್ಞಾನ' ಎಂಬ ಹೆಸರನ್ನೇ ಒತ್ತಿದರೆ ಅಧ್ಯಾಯವಾರು ವಿವರ ತೆರೆಯಬೇಕು. ಗೆಟ್‌ಪಾಯಿಂಟ್‌ಲೇಬಲ್‌ಪೊಸಿಷನ್ (ಹೆಸರು ಎಲ್ಲಿದೆ ಎಂದು ಹೇಳುವ ಫಂಕ್ಷನ್) ಬಳಸಿ, ಕ್ಲಿಕ್ ಬಿದ್ದ ಜಾಗದ ಜೊತೆ ಹೋಲಿಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಸರಿ, ಮೊಬೈಲಿನಲ್ಲಿ ಪಕ್ಕದ ವಿಷಯ ತೆರೆಯುತ್ತದೆ. ಯಾರಾದರೂ ಮಾಡಿದ್ದರೆ ದಯವಿಟ್ಟು ಕೋಡಿನ ಆ ನಾಲ್ಕು ಸಾಲು ಹಾಕಿ.