ಹಳೆ ಟೆಂಪೋ ಟ್ರಾವೆಲರ್‌ನಲ್ಲಿ ನೀರಿನ ಪೈಪು, ಕೊಳಚೆ ಟ್ಯಾಂಕು: ಎಲ್ಲಿ, ಹೇಗೆ ಕೂರಿಸೋದು?

ಆನೆಗುಂದಿ ಗಾಡಿ:

ನಮಸ್ಕಾರ್ರೀ ಎಲ್ರಿಗೂ. 2009ರ ಟೆಂಪೋ ಟ್ರಾವೆಲರ್, 3350 ಎಂಎಂ ವೀಲ್‌ಬೇಸು. ಸೀಟೆಲ್ಲ ತೆಗೆದು ಮಲಗೋ ಗಾಡಿ ಮಾಡ್ತಿದೀವಿ. ನಾಲ್ಕು ಜನ, ಎರಡು–ಮೂರು ದಿನದ ತಿರುಗಾಟ. ಒಂದು ಸಿಂಕು, ಹಿಂದಿನ ಬಾಗಿಲ ಹತ್ರ ಸಣ್ಣ ಬಚ್ಚಲು, ಅದರಲ್ಲೇ ಕಮೋಡು. ಮನೆ ಕೆಲಸದ ಪ್ಲಂಬರ್ ಹೇಳೋದು ಹೀಗೆ: 150 ಲೀಟರ್ ಪ್ಲಾಸ್ಟಿಕ್ ಟ್ಯಾಂಕ್ ಛಾವಣಿ ಮೇಲೆ ಇಟ್ಟು ಸಿಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಪೈಪು ಎಳೆದ್ರೆ ಪಂಪೇ ಬೇಡ, ಕೊಳಚೆಗೆ ಹಿಂದೆ ಬಂಪರ್ ಕೆಳಗೆ 80 ಲೀಟರ್ ಟ್ಯಾಂಕ್ ನೇತುಹಾಕೋಣ. ಇದು ಸರೀನಾ? ಯಾವ ಪೈಪು, ಯಾವ ಪಂಪು ಅಂತಾನೂ ತಿಳಿಸ್ರಿ.

ಕೌಲ್‌ಬಜಾರ್ ಮಿಸ್ತ್ರಿ:

ಛಾವಣಿ ಟ್ಯಾಂಕ್ ಬ್ಯಾಡ್ರಿ. ಮನೆಗೆ ಸರಿ, ಗಾಡಿಗಲ್ಲ. 150 ಲೀಟರ್ ಅಂದ್ರ 150 ಕೆಜಿ ನೆತ್ತಿ ಮ್ಯಾಲೆ. ತಿರುವಿನ್ಯಾಗ ಆ ನೀರು ಒಂದ್ ಕಡೆ ಸರಿದ್ರ ಗಾಡಿ ಅದರ ಹಿಂದ ವಾಲ್ತೈತಿ. ಪ್ರೆಶರೂ ಬರಂಗಿಲ್ಲ. ನೀರು 10 ಮೀಟರ್ ಎತ್ತರದಿಂದ ಇಳಿದ್ರ 1 ಕೆಜಿ ಪ್ರೆಶರ್. ನಿಮ್ಮ ಛಾವಣಿಯಿಂದ ಷವರ್‌ಗೆ ಒಂದಡಿ ಸಿಕ್ಕರ ಹೆಚ್ಚು. ಏಪ್ರಿಲ್–ಮೇ ಬಿಸಿಲಿಗಂತೂ ಆ ನೀರಾಗ ಕೈ ಇಡಾಕ ಆಗಂಗಿಲ್ಲ.

ಬಂಪರ್ ಕೆಳಗಿನದು ಇನ್ನೂ ಕೆಟ್ಟದ್ದು. ಹಿಂದಿನ ಆಕ್ಸಲ್‌ನಿಂದ 1 ಮೀಟರ್ ಹಿಂದಕ್ಕ 80 ಕೆಜಿ ತೂಗುಹಾಕಿದ್ರ ಆ ಆಕ್ಸಲ್ ಮ್ಯಾಲೆ ಬೀಳೋದು 80 ಅಲ್ಲ, ಸುಮಾರು 104 ಕೆಜಿ. ಉಳಿದ 24 ಕೆಜಿ ಮುಂದಿನ ಆಕ್ಸಲ್‌ನಿಂದ ಎತ್ತಿದಂಗ. ಸ್ಟೇರಿಂಗ್ ಹಗುರ ಆಗ್ತೈತಿ, ಹಂಪ್‌ಗೆ ಟ್ಯಾಂಕೇ ಮೊದಲು ಬಡೀತೈತಿ.

ಎರಡೂ ಟ್ಯಾಂಕು ಎರಡು ಆಕ್ಸಲ್ ನಡುವ ಇರಬೇಕು. ಸಿಹಿನೀರು 80 ಲೀಟರ್ ಸಾಕು: ಒಳಗ, ನೆಲಕ್ಕ ಹತ್ತಿ, ಸೀಟು ಪೆಟ್ಟಿಗಿ ಒಳಗ ಇಡ್ರಿ. ಬಳಸಿದ ನೀರಿಗೆ 50–60 ಲೀಟರ್, ಚಾಸಿ ಕೆಳಗ. ಅದಕ್ಕ 40×40×5 ಎಂಎಂ ಎಂಎಸ್ (ಮೆತುಉಕ್ಕು) ಆಂಗಲ್‌ನ ತೊಟ್ಟಿಲು ಮಾಡಿಸ್ರಿ, ಟ್ಯಾಂಕು ಅದರಾಗ ಪೂರ್ತಿ ಕೂಡಬೇಕು. ಬರೇ ಪಟ್ಟಿ ಮ್ಯಾಲೆ ನೇತಾಡಬಾರದು. ಆಂಗಲ್‌ಗೂ ಟ್ಯಾಂಕಿಗೂ ನಡುವ ಹಳೇ ಟ್ಯೂಬ್ ರಬ್ಬರ್ ಹಾಸ್ರಿ, ಇಲ್ಲಾಂದ್ರ ತಿಕ್ಕಿ ತಿಕ್ಕಿ ಮೂಲೆ ತೂತು ಬೀಳ್ತೈತಿ. ಚಾಸಿಗೆ ವೆಲ್ಡಿಂಗ್ ಮಾಡಿಸಬ್ಯಾಡ್ರಿ, ಮೇಲಿನ–ಕೆಳಗಿನ ಮಡಿಕೆಗೆ ತೂತೂ ಹೊಡಿಸಬ್ಯಾಡ್ರಿ. ಕ್ಲಾಂಪು ಹಾಕಿ, ಲಾಕ್ ನಟ್ ಬಿಗೀರಿ. ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರ, ನಡುವ ತಗಡಿನ ಅಡ್ಡಗೋಡೆ.

ಇನ್ನೊಂದು. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಪ್ರಕಾರ ಆರ್‌ಸಿ ವಿವರಕ್ಕ ಹೊಂದದಂಗ ಗಾಡಿ ಬದಲಿಸಾಕ ಬರಂಗಿಲ್ಲ. ಸೀಟು ತೆಗೆದದ್ದೇ ಅದರೊಳಗ ಬರ್ತೈತಿ. ಪೈಪಿಗೆ ರೊಕ್ಕ ಹಾಕೋಕೂ ಮೊದಲು ಆರ್‌ಟಿಒದಾಗ ಮಾತಾಡ್ರಿ.

ಸಿಂಧನೂರು ಡ್ರಿಪ್:

ಮಿಸ್ತ್ರಿಯವರು ತೂಕದ್ದು ಹೇಳಿದಾರೆ, ನಾನು ಪೈಪು–ಪಂಪಿನದ್ದು ಹೇಳ್ತೀನಿ.

ಸಿಪಿವಿಸಿ ಗಾಡಿಗೆ ಒಗ್ಗಲ್ಲ. ಪೈಪು ಗಟ್ಟಿ, ಎಲ್ಬೋ ಗಟ್ಟಿ, ಸಲ್ಯೂಶನ್ ಹಚ್ಚಿದ ಜಾಗವೂ ಗಟ್ಟಿ. ಬಾಡಿ ದಿನವಿಡೀ ತಿರುಚಿಕೊಳ್ಳುತ್ತೆ, ಪೈಪು ಬಗ್ಗಲ್ಲ, ಕಡೆಗೆ ಎಲ್ಬೋ ಕತ್ತಿನಲ್ಲೇ ಕೂದಲೆಳೆ ಬಿರುಕು. 1216 ಕಾಂಪೋಸಿಟ್ ಪೈಪು ತಗೊಳ್ಳಿ (ಪ್ಲಾಸ್ಟಿಕ್ ನಡುವೆ ಅಲ್ಯೂಮಿನಿಯಂ ಪದರ; ಒಳಗೆ 12, ಹೊರಗೆ 16 ಎಂಎಂ), ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತೆ. ಕೈಯಲ್ಲೇ ಬಗ್ಗುತ್ತೆ, ಹಾಗಾಗಿ ಜಾಯಿಂಟೇ ಕಡಿಮೆ. ಬಗ್ಗಿಸುವಾಗ ಒಳಗೆ ಸ್ಪ್ರಿಂಗ್ ಹಾಕಿ. ಒಮ್ಮೆ ಮುರುಟಿದ ಜಾಗದಲ್ಲಿ ಅಲ್ಯೂಮಿನಿಯಂ ಪದರ ಸೀಳಿರುತ್ತೆ, ಆ ತುಂಡು ಕತ್ತರಿಸಿ ಬಿಸಾಕಿ. ತುದಿ ಕತ್ತರಿಸಿದ ಮೇಲೆ ರೀಮರ್ (ತುದಿಯ ಚೂಪು ತೆಗೆಯೋ ಉಪಕರಣ) ತಿರುಗಿಸದೆ ಫಿಟ್ಟಿಂಗ್ ಒತ್ತಿದ್ರೆ ಒಳಗಿನ ಓ-ರಿಂಗ್ (ರಬ್ಬರ್ ಬಳೆ) ಹರಿಯುತ್ತೆ. ಅರ್ಧ ಸೋರಿಕೆ ಇದೇ ಕಾರಣಕ್ಕೆ. ಪ್ರತಿ 40–50 ಸೆಂ.ಮೀ.ಗೆ ಒಂದು ರಬ್ಬರ್ ಕ್ಲಿಪ್.

ಪಂಪು: 12 ವೋಲ್ಟ್ ಡಯಾಫ್ರಾಮ್, ನಿಮಿಷಕ್ಕೆ 10–11 ಲೀಟರ್, 40 ಪಿಎಸ್‌ಐ (ಸುಮಾರು 2.8 ಕೆಜಿ) ಪ್ರೆಶರಿನಲ್ಲಿ ತಾನೇ ನಿಲ್ಲುವಂಥದ್ದು. ಆರ್‌ಒ ಫಿಲ್ಟರಿನ ಬೂಸ್ಟರ್ ಪಂಪು ಅಗ್ಗ ಅಂತ ತರಬೇಡಿ. 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಅಂದ್ರೆ ನಿಮಿಷಕ್ಕೆ ಕಾಲು ಲೀಟರೂ ಇಲ್ಲ. ನಮ್ಮ ಕಡೆ ಪ್ರತಿ ಗೊಬ್ಬರದಂಗಡಿಯಲ್ಲಿ ಸಿಗುವ ಔಷಧಿ ಹೊಡೆಯೋ ಬ್ಯಾಟರಿ ಪಂಪು ಹೊಸದಾದ್ರೆ ಕೆಲಸ ಮಾಡುತ್ತೆ, ಆದ್ರೆ ಸ್ವಿಚ್ ಕಟ್ ಆಗೋ ಪ್ರೆಶರ್ ಜಾಸ್ತಿ, ಫಿಟ್ಟಿಂಗ್ ಮೇಲೆ ಹೊಡೆತ ಬೀಳುತ್ತೆ. ಒಮ್ಮೆ ಕ್ರಿಮಿನಾಶಕ ಕಂಡ ಪಂಪನ್ನು ಎಷ್ಟೇ ತೊಳೆದರೂ ಕುಡಿಯೋ ನೀರಿಗೆ ಹಾಕಲೇಬೇಡಿ. ರಬ್ಬರಿಗೆ ಇಳಿದದ್ದು ಹೋಗಲ್ಲ.

ಪಂಪಿಗಿಂತ ಮೊದಲು ಬಿಚ್ಚಿ ತೊಳೆಯೋ ಜಾಲರಿ ಫಿಲ್ಟರ್. ಒಂದು ಸಣ್ಣ ಮರಳುಕಣ ವಾಲ್ವಿನಡಿ ಸಿಕ್ಕರೂ ನಲ್ಲಿ ಬಂದ್ ಇದ್ದಾಗ ಪಂಪು ಆಗಾಗ ‘ಟಕ್’ ಅಂತ ಎದ್ದು ನಿಲ್ಲುತ್ತೆ. ಜನ ಸೋರಿಕೆ ಅಂತ ಪೈಪೆಲ್ಲ ಹುಡುಕ್ತಾರೆ. ಪಂಪಿನ ಎರಡೂ ಕಡೆ ಅರ್ಧ ಮೀಟರ್ ಮೆತ್ತನೆ ನೈಲಾನ್ ಹೆಣಿಗೆಯ ಪೈಪು ಹಾಕಿ, ಸದ್ದೂ ಅದುರೂ ಅಲ್ಲೇ ಸಾಯುತ್ತೆ.

ವೈರಿನಲ್ಲಿ ಜಿಪುಣತನ ಬೇಡ. ಬ್ಯಾಟರಿ 5 ಮೀಟರ್ ದೂರ ಇದ್ರೆ ಹೋಗಿ ಬರೋದು 10 ಮೀಟರ್. 8 ಆಂಪಿಯರ್‌ಗೆ 2.5 ಚದರ ಎಂಎಂ ವೈರಿನಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತೆ. 4 ಚದರ ಎಂಎಂ ಹಾಕಿದ್ರೆ ಸುಮಾರು 0.35 ವೋಲ್ಟ್. ಫ್ಯೂಸ್ 15 ಆಂಪಿಯರ್, ಬ್ಯಾಟರಿ ಪಕ್ಕದಲ್ಲೇ.

ರಾಯಚೂರು, ಕೊಪ್ಪಳ ಕಡೆ ಬೋರ್ ನೀರು ಗಡಸು, ಕೆಲವು ಊರಲ್ಲಿ ಫ್ಲೋರೈಡೂ ಇದೆ. ಟ್ಯಾಂಕಿನ ನೀರು ತೊಳೆಯೋಕೆ, ಸ್ನಾನಕ್ಕೆ ಮಾತ್ರ ಇಟ್ಟುಕೊಳ್ಳಿ. ಕುಡಿಯೋಕೆ 20 ಲೀಟರ್ ಕ್ಯಾನ್ ಬೇರೆ ಇರಲಿ. ಗೀಸರ್ ನಮ್ಮ ಹವೆಗೆ ಬೇಕಿಲ್ಲ.

ಬಳ್ಳಾರಿ ಒಳಚರಂಡಿ:

ಬಚ್ಚಲು ಹಿಂದಿನ ಬಾಗಿಲಲ್ಲೇ ಇದ್ದರೆ ಟ್ಯಾಂಕು ಆಕ್ಸಲ್ ನಡುವೆ ಇಟ್ಟೂ ಪ್ರಯೋಜನವಿಲ್ಲ. ಬಳಸಿದ ನೀರಿನ ಪೈಪಿಗೆ ಮೀಟರಿಗೆ 2 ಸೆಂ.ಮೀ. ಇಳಿಜಾರು ಬೇಕು. 2 ಮೀಟರ್ ದೂರಕ್ಕೆ 4 ಸೆಂ.ಮೀ., ಅದರ ಮೇಲೆ ಟ್ರ್ಯಾಪಿನ (ನಾತ ತಡೆಯೋ ಭಾಗ) ಎತ್ತರ, ಜೊತೆಗೆ ಆಕ್ಸಲ್ ಮೇಲೆ ಜಿಗಿಯೋಕೆ ಜಾಗ. ಲೆಕ್ಕ ಕೂಡಲ್ಲ. ಬಚ್ಚಲನ್ನೇ ಹಿಂದಿನ ಚಕ್ರದ ಮುಂದಕ್ಕೆ ತನ್ನಿ, ನೆಲ 10 ಸೆಂ.ಮೀ. ಎತ್ತರಿಸಿ. ಸಿಂಕಿಗೂ ಬಚ್ಚಲಿಗೂ 40 ಎಂಎಂ ಪೈಪು.

ಸಾಧಾರಣ ಬಾಟಲ್ ಟ್ರ್ಯಾಪಿನ ನೀರು ಕುಲುಕಾಟಕ್ಕೆ ಚೆಲ್ಲಿ ಹೋಗುತ್ತೆ, ಆಮೇಲೆ ಟ್ಯಾಂಕಿನ ನಾತ ನೇರ ಒಳಗೆ. ನೀರಿಲ್ಲದೆ ಮುಚ್ಚಿಕೊಳ್ಳುವ ಸಿಲಿಕೋನ್ ವಾಲ್ವ್ ಟ್ರ್ಯಾಪ್ ಸಿಕ್ಕರೆ ಅದನ್ನೇ ಹಾಕಿ. ಕೆಳಗೆ ಇಳಿಸೋಕೆ ಕೃಷಿ ಪೈಪಿನ 63 ಎಂಎಂ ಬಾಲ್ ವಾಲ್ವ್ ಚೆನ್ನಾಗಿ ನಡೆಯುತ್ತೆ. ಹಿಡಿಕೆ ಹಿಂದಕ್ಕೆ ತಿರುಗಿದಾಗ ಬಂದ್ ಆಗುವಂತೆ ಕೂರಿಸಿ. ಕಲ್ಲು ಬಡಿದರೂ ತೆರೆಯಲ್ಲ. ಟ್ಯಾಂಕು ತುಂಬಿದ್ದು ಮೊದಲು ಗೊತ್ತಾಗೋದು ಬಚ್ಚಲ ಜಾಲರಿಯಲ್ಲಿ, ಯಾಕಂದ್ರೆ ಎಲ್ಲಕ್ಕಿಂತ ತಗ್ಗಿನ ಬಾಯಿ ಅದೇ. ಅನ್ನದಗುಳು, ಎಣ್ಣೆ ಟ್ಯಾಂಕಿಗೆ ಇಳಿದರೆ ಬೇಸಿಗೆಯಲ್ಲಿ ಒಂದೇ ದಿನಕ್ಕೆ ಹುಳಿ ನಾತ.

ಕಮೋಡಿಗೆ ಮಾತ್ರ ಗಾಡಿ ಕೆಳಗೆ ಟ್ಯಾಂಕು ಕಟ್ಟಬೇಡಿ ಅಂತ ಗಟ್ಟಿಯಾಗಿ ಹೇಳ್ತೀನಿ. ಕಟ್ಟೋದು ಕಷ್ಟ ಅಲ್ಲ, ಖಾಲಿ ಮಾಡೋದು ಎಲ್ಲಿ? ಒಳಚರಂಡಿ ಚೇಂಬರ್ ಪಕ್ಕಕ್ಕೇ ಗಾಡಿ ಹೋಗಬೇಕು, ಟ್ಯಾಂಕಿನ ಬಾಯಿ ಅದಕ್ಕಿಂತ ಮೇಲಿರಬೇಕು. ಬ್ಲಾಕ್ ಆದರೆ ಯಾರೋ ಒಬ್ಬರು ಕೈ ಹಾಕಬೇಕಾಗುತ್ತೆ, ಅಂಥ ಕೆಲಸ ಯಾರಿಗೂ ಹಚ್ಚಬಾರದು. ತುಂಗಭದ್ರಾ ಎಡದಂಡೆ ಕಾಲುವೆ, ಹೊಳೆ, ಹಳ್ಳದ ಮಾತೇ ಬೇಡ. ಅದೇ ನೀರು ಮುಂದೆ ಊರುಗಳು ಕುಡಿಯೋದು. 1974ರ ಜಲಮಾಲಿನ್ಯ ಕಾಯ್ದೆಯಲ್ಲೂ ನಿಷಿದ್ಧ.

20 ಲೀಟರ್ ಕೆಳಪೆಟ್ಟಿಗೆ ಇರುವ ಪೋರ್ಟಬಲ್ ಕಮೋಡು ತಗೊಳ್ಳಿ. ಬಾಡಿ ಕತ್ತರಿಸೋದಿಲ್ಲ, ಪೈಪೂ ಇಲ್ಲ. ತುಂಬಿದ ಮೇಲೆ ಪೆಟ್ಟಿಗೆ ಕಳಚಿ ಯಾವುದೇ ಪಾಯಿಖಾನೆಗೆ ಸುರಿಯಬಹುದು. ನಾಲ್ಕು ಜನಕ್ಕೆ ಒಂದು, ಒಂದೂವರೆ ದಿನ. ಇನ್ನೊಂದು ಪೆಟ್ಟಿಗೆ ಹೆಚ್ಚಿಗೆ ಇಟ್ಟುಕೊಂಡರೆ ಸರಿಹೋಗುತ್ತೆ. ಖಾಲಿ ಪೆಟ್ಟಿಗೆಗೆ ಮೊದಲು 2 ಲೀಟರ್ ನೀರು, ಎಂಜೈಮ್ ಪುಡಿ. ಫಾರ್ಮಾಲ್ಡಿಹೈಡ್ ಇರುವ ದ್ರವ ಬೇಡ. ಸುರಿದ ಮನೆಯ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಅದಕ್ಕೆ ಸಾಯುತ್ತೆ.

ಆನೆಗುಂದಿ ಗಾಡಿ:

ಭಾಳ ಉಪಕಾರ ಆತ್ರಿ. ಬಚ್ಚಲು ಮುಂದಕ್ಕೆ ತರ್ತೀವಿ, ಕಮೋಡು ಪೋರ್ಟಬಲ್ಲೇ. ಒಂದೇ ಒಂದು ಉಳೀತು: ಬಳಸಿದ ನೀರಿನ ಟ್ಯಾಂಕಿನ ಗಾಳಿ ಪೈಪನ್ನು ಛಾವಣಿ ಕೊರೆಯದೆ ನೆಲದ ಕೆಳಗೇ ಬಿಟ್ಟರೆ ನಡೀತದಾ?

ಬಳ್ಳಾರಿ ಒಳಚರಂಡಿ:

ಬೇಡ. ಕಿಟಕಿ ಮುಚ್ಚಿ ಎಕ್ಸಾಸ್ಟ್ ಫ್ಯಾನ್ ಹಾಕಿದ ಕೂಡಲೇ ಗಾಡಿ ಸಿಕ್ಕ ಸಂದಿಯಿಂದೆಲ್ಲ ಗಾಳಿ ಎಳೆಯುತ್ತೆ, ಕೆಳಗಿನ ನಾತ ಬಾಗಿಲ ಸಂದಿಯಿಂದ ಒಳಗೆ. 32 ಎಂಎಂ ಪೈಪು ಟ್ಯಾಂಕಿನ ಮೇಲ್ತುದಿಯಿಂದ ಎತ್ತಿ, ಬೀರು ಮೂಲೆಯಲ್ಲಿ ಛಾವಣಿ ದಾಟಿಸಿ, ಮೇಲೆ ಟೊಪ್ಪಿ. ತೂತಿನ ಸುತ್ತ ಬ್ಯೂಟೈಲ್ ಟೇಪು, ಸ್ಕ್ರೂ ಮೇಲೆ ಪಾಲಿಯುರಿಥೇನ್ ಸೀಲಂಟ್. ಸಿಹಿನೀರಿನ ಟ್ಯಾಂಕಿಗೂ 12 ಎಂಎಂ ಗಾಳಿ ಪೈಪು ಮರೀಬೇಡಿ, ಇಲ್ಲದಿದ್ದರೆ ತುಂಬಿಸುವಾಗ ನೀರು ಬಾಯಿಂದಲೇ ಉಕ್ಕುತ್ತೆ; ತುದಿಗೆ ಸೊಳ್ಳೆ ಜಾಲರಿ ಇರಲಿ.

ಸಿಂಧನೂರು ಡ್ರಿಪ್:

ಪ್ಲೈವುಡ್ ಮುಚ್ಚೋಕೆ ಮೊದಲು ಪರೀಕ್ಷೆ ಮಾಡಿ. ನಲ್ಲಿ ಬಂದ್ ಮಾಡಿ ಪಂಪು ಏರಿಸಿ ಬಿಡಿ, ಅರ್ಧ ಗಂಟೆ ಅದು ಮತ್ತೆ ಏಳಬಾರದು. ಪ್ರತಿ ಜಾಯಿಂಟಿನಡಿ ಒಣ ಟಿಶ್ಯೂ ಸುತ್ತಿ, ಟ್ಯಾಂಕು ತುಂಬಿಸಿ, ಹಾಳಾದ ರಸ್ತೆಯಲ್ಲೇ 30 ಕಿ.ಮೀ. ಓಡಿಸಿ. ಮರಳಿ ಬಂದು ಟಿಶ್ಯೂ ನೋಡಿ. ಒದ್ದೆಯಾದ ಜಾಗಕ್ಕೆ ಮೇಲಿಂದ ಪೇಸ್ಟ್ ಮೆತ್ತಬೇಡಿ, ಬಿಚ್ಚಿ ಹೊಸ ಓ-ರಿಂಗ್ ಹಾಕಿ. ಕಡೆಗೆ ಸುಗಂಧ ಬೆರೆಸದ 5% ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರವ) 80 ಲೀಟರಿಗೆ 80 ಎಂಎಲ್ ಹಾಕಿ, ಪ್ರತಿ ನಲ್ಲಿಯಲ್ಲೂ ಬ್ಲೀಚ್ ವಾಸನೆ ಬರುವವರೆಗೆ ಬಿಟ್ಟು, ನಾಲ್ಕು ತಾಸು ನಿಲ್ಲಿಸಿ. ಆಮೇಲೆ ಎರಡು ಸಲ ಹೊಸ ನೀರು ತುಂಬಿಸಿ ಖಾಲಿ ಮಾಡಿ.